ಎರಡು ವರ್ಷದ ಬೀದಿನಾಯಿಯನ್ನು ಫ್ಲಾಟಿಗೆ ದತ್ತು ತರುವ ಯೋಚನೆ: ಸಿಗುವುದೇನು, ಸಿದ್ಧತೆ ಏನು?

ಸೀತಾಳೆದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶೆಲ್ಟರಿನಿಂದ ನಾಯಿ ದತ್ತು ತರಬೇಕೆಂದಿದ್ದೇವೆ. ಊರು ಬೆಂಗಳೂರು, ಮೂರನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಫ್ಲಾಟ್, ಲಿಫ್ಟ್ ಇದೆ. ಮನೆಯಲ್ಲಿ ನಾವಿಬ್ಬರು, 8 ವರ್ಷದ ಮಗಳು ಮತ್ತು ಅತ್ತೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅತ್ತೆ ಹಗಲೆಲ್ಲ ಮನೆಯಲ್ಲೇ ಇರುತ್ತಾರೆ. ಅಡುಗೆಮನೆ ಸಸ್ಯಾಹಾರಿ. ಮೊಟ್ಟೆಗೆ ಅಡ್ಡಿಯಿಲ್ಲ, ಮಾಂಸ ಬೇಯಿಸುವಂತಿಲ್ಲ.

ನೋಡಿಟ್ಟಿರುವುದು ಇಂಡಿ (ನಮ್ಮ ನಾಡನಾಯಿ) ಹೆಣ್ಣು ನಾಯಿ. ಅಂದಾಜು ಎರಡು ವರ್ಷ, 17 ಕೆಜಿ ತೂಕ. ಸಂತಾನಹರಣ ಆಪರೇಷನ್ ಆಗಿದೆ, ಕಿವಿಯ ತುದಿ ಕತ್ತರಿಸಿದ ಗುರುತಿದೆ. ಗಾಡಿ ತಾಗಿ ಹಿಂಗಾಲು ಮುರಿದಿದ್ದಾಗ ರಸ್ತೆಯಿಂದ ಎತ್ತಿ ತಂದದ್ದಂತೆ, ಈಗ ಚೆನ್ನಾಗಿ ಓಡಾಡುತ್ತಾಳೆ. ಜನರ ಹತ್ತಿರ ತಾನಾಗಿ ಬರುತ್ತಾಳೆ, ತಲೆಯ ಮೇಲೆ ಕೈ ತಂದರೆ ಮಾತ್ರ ಕುಗ್ಗಿ ಕೂರುತ್ತಾಳೆ.

ಗೊತ್ತಿರುವವರೆಲ್ಲ "ಬೀದಿನಾಯಿ ಮನೆಗೆ ಒಗ್ಗಲ್ಲ, ತರೋದಾದ್ರೆ ಮರಿ ತನ್ನಿ, ಇಲ್ಲಾಂದ್ರೆ ಲ್ಯಾಬ್ರಡಾರ್ ತಗೊಳ್ಳಿ" ಅನ್ನುತ್ತಿದ್ದಾರೆ. "ಪುಣ್ಯ ಬರುತ್ತೆ" ಅನ್ನುವುದನ್ನು ಬಿಟ್ಟು, ದೊಡ್ಡ ನಾಯಿ ತಂದರೆ ನಮಗೆ ಸಿಗುವುದೇನು? ಯಾವುದಕ್ಕೆ ಮೊದಲೇ ಸಿದ್ಧರಿರಬೇಕು? ಬಲ್ಲವರು ಬಿಡಿಸಿ ಹೇಳಿ.

---

ಹೊಂಗೆನೆರಳು ಉತ್ತರ:

ಮೇಡಂ, ನೀವು ಹೇಳಿದ ಮನೆಗೆ ಎರಡು ವರ್ಷದ ನಾಯಿಯೇ ಸರಿ. ಸಮಾಧಾನಕ್ಕೆ ಹೇಳುತ್ತಿಲ್ಲ, ಕಾರಣ ಇದೆ.

ಎರಡು ತಿಂಗಳ ಮರಿ ಎಚ್ಚರವಿದ್ದಷ್ಟು ಹೊತ್ತೂ ಹೆಚ್ಚುಕಡಿಮೆ ಗಂಟೆಗೊಮ್ಮೆ ಉಚ್ಚೆ ಮಾಡುತ್ತದೆ. ನಾಲ್ಕನೇ ತಿಂಗಳಿಂದ ಏಳನೇ ತಿಂಗಳವರೆಗೆ ಹಲ್ಲು ಬದಲಾಗುವ ಕಾಲ. ಆಗ ಚಪ್ಪಲಿ, ವೈರು, ಸೋಫಾ ಮೂಲೆ ಏನೂ ಉಳಿಯಲ್ಲ. ಆಮೇಲೆ ಒಂದೂವರೆ ವರ್ಷದವರೆಗೆ ಹದಿಹರೆಯ: ಕರೆದರೆ ಬರಲ್ಲ, ಎಳೆದಾಡುತ್ತೆ, ಹಿಂದೆ ಹೆದರದ ವಸ್ತುವಿಗೂ ಹೆದರುತ್ತೆ. "ವಾಪಸ್ ತಗೊಳ್ತೀರಾ" ಎಂಬ ಫೋನು ಶೆಲ್ಟರುಗಳಿಗೆ ಬರುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಹಗಲಲ್ಲಿ ಒಬ್ಬ ಹಿರಿಯರೇ ಇರುವ ಮನೆಗೆ ಈ ಓಡಾಟ ಭಾರ. ನೀವು ನೋಡಿಟ್ಟಿರುವವಳು ಅದನ್ನೆಲ್ಲ ದಾಟಿದ್ದಾಳೆ. ಇನ್ನು ಬೆಳೆಯಲ್ಲ, 17 ಕೆಜಿ ಅಂದರೆ 17 ಕೆಜಿಯೇ. ಮಕ್ಕಳ ಜೊತೆ ಹೇಗೆ, ಬೆಕ್ಕು ಕಂಡರೆ ಹೇಗೆ, ಬಟ್ಟಲಿನ ಹತ್ತಿರ ಕೈ ಹೋದರೆ ಹೇಗೆ ಎಂಬುದನ್ನು ಈಗಲೇ ನೋಡಿ ತಿಳಿಯಬಹುದು. ಮರಿಯ ವಿಷಯದಲ್ಲಿ ಇದೆಲ್ಲ ಊಹೆ ಅಷ್ಟೆ.

ಒಗ್ಗುವ ಮಾತಿಗೆ ಬಂದರೆ, ಇಂಡಿ ಈ ನೆಲದ್ದೇ ನಾಯಿ. ಗಿಡ್ಡ ಕೂದಲು, ಉದ್ದ ಮೂತಿ, ತೆಳು ಮೈ. ಏಪ್ರಿಲ್ ಬಿಸಿಲಿಗೆ ಸೇಂಟ್ ಬರ್ನಾರ್ಡ್, ಹಸ್ಕಿಗಳಿಗೆ ಏಸಿ ಬೇಕಾಗುತ್ತದೆ. ಚಪ್ಪಟೆ ಮೂತಿಯ ಪಗ್ ಸೆಖೆಯಲ್ಲಿ ಉಸಿರಿಗೇ ಒದ್ದಾಡುತ್ತದೆ. ಲ್ಯಾಬ್ರಡಾರುಗಳಲ್ಲಿ ವಂಶದಿಂದ ಬರುವ ಸೊಂಟದ ಕೀಲಿನ ದೋಷ ಸಾಮಾನ್ಯ. ಯಾರೂ ಆರಿಸಿ ತಳಿ ಕಟ್ಟದ ಇಂಡಿಗಳಲ್ಲಿ ಇಂಥವು ಕಡಿಮೆ. ವಾರಕ್ಕೆ ಎರಡು ಸಲ ರಬ್ಬರ್ ಬ್ರಷ್ಷಿನಲ್ಲಿ ಉಜ್ಜಿ, ತಿಂಗಳಿಗೊಂದು ಸ್ನಾನ ಮಾಡಿಸಿದರೆ ಮೈಯ ಕೆಲಸ ಮುಗಿಯಿತು. ಕೂದಲು ಉದುರುವುದಂತೂ ಇದ್ದೇ ಇದೆ, ವರ್ಷಕ್ಕೆರಡು ಸಲ ಜಾಸ್ತಿ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಬೇರೆಯೇ. ಬೀದಿಯಲ್ಲಿ ಬದುಕಿದ ನಾಯಿ ಮನುಷ್ಯರನ್ನು ಓದಲು ಕಲಿತೇ ಬಂದಿರುತ್ತದೆ. ಕೋಲ್ಕತ್ತಾದ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೀದಿನಾಯಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಯಾವ ತರಬೇತಿಯೂ ಇಲ್ಲದ ನಾಯಿಗಳು ಅಪರಿಚಿತರು ಕೈತೋರಿದ ಕಡೆ ಹೋಗಿ ಹುಡುಕುತ್ತವೆ ಎಂಬುದು ಅವರ ಪ್ರಯೋಗಗಳಲ್ಲಿ ಕಂಡಿದೆ. ಪದೇ ಪದೇ ಭೇಟಿಯಾದಾಗ, ತಿಂಡಿ ಕೊಟ್ಟವರಿಗಿಂತ ಮೈ ಸವರಿದವರ ಮೇಲೆ ಅವು ಹೆಚ್ಚು ನಂಬಿಕೆ ಇಟ್ಟವು ಎಂಬುದು 2017ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನ. ಈ ಓದುವ ಗುಣ ಮನೆಯೊಳಗೆ ಚೆನ್ನಾಗಿ ಕಾಣುತ್ತದೆ. ಯಾರು ಯಾವಾಗ ಏಳುತ್ತಾರೆ, ಯಾವ ಚಪ್ಪಲಿ ಹಾಕಿದರೆ ಹೊರಗೆ ಹೋಗುವುದು, ಕಾಲಿಂಗ್ ಬೆಲ್ಲಿಗೆ ಬೊಗಳಬೇಕೇ ಬೇಡವೇ, ಇವೆಲ್ಲ ವಾರಗಳಲ್ಲಿ ಅದಕ್ಕೆ ಗೊತ್ತಾಗಿಬಿಡುತ್ತದೆ.

ಅದೇ ತಂಡ 364 ಮರಿಗಳ ಜಾಡು ಹಿಡಿದು ನೋಡಿದಾಗ ಪ್ರಾಯಕ್ಕೆ ಬರುವವರೆಗೆ ಬದುಕಿದವು ಶೇ 19ರಷ್ಟು ಮಾತ್ರ. ಎರಡು ವರ್ಷ ಮುಟ್ಟಿರುವ ನಿಮ್ಮ ನಾಯಿ ಆ ಸಣ್ಣ ಪಾಲಿಗೆ ಸೇರಿದ್ದು.

ಶೆಲ್ಟರಿನಲ್ಲಿ ಇವನ್ನು ಕೇಳಿ ಪಡೆಯಿರಿ: ಲಸಿಕೆ ಕಾರ್ಡು (ರೇಬೀಸ್ ಲಸಿಕೆಯ ದಿನಾಂಕ, ಸೀಸೆಯ ಸ್ಟಿಕ್ಕರ್ ಸಹಿತ), ಆಪರೇಷನ್ ಆದ ದಿನ, ಮುರಿದ ಕಾಲಿನ ಎಕ್ಸ್‌ರೇ, ಒಳಗೆ ರಾಡು ಅಥವಾ ಪ್ಲೇಟು ಉಳಿದಿದೆಯೇ, ಟಿಕ್ ಫೀವರ್ (ಉಣ್ಣೆ ಕಚ್ಚಿ ಬರುವ ಜ್ವರ) ಹಿಂದೆ ಬಂದಿತ್ತೇ, ಈಗ ಏನು ತಿನ್ನುತ್ತಿದೆ. ಸಹಿ ಹಾಕುವ ಮುಂಚೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲವಾದರೂ ಹೋಗಿ. ಒಮ್ಮೆ ಮಗಳ ಜೊತೆ, ಒಮ್ಮೆ ಅತ್ತೆಯವರ ಜೊತೆ. ಕೆನಲ್ಲಿನೊಳಗೆ ನೋಡಿದ್ದಷ್ಟೇ ಸಾಲದು. ನೂರೈವತ್ತು ನಾಯಿ ಬೊಗಳುವ ಜಾಗದಲ್ಲಿ ಯಾವ ನಾಯಿಯೂ ತನ್ನ ಸಹಜ ಗುಣ ತೋರಿಸುವುದಿಲ್ಲ. ಲೀಶ್ ಹಾಕಿ ಹೊರಗೆ ಅರ್ಧ ಗಂಟೆ ನಡೆಸಿ ನೋಡಿ. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರಾಜರ್ಸ್ ಕಟ್ಟಿದ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯಿಂದ ಹಿಡಿದು ಮಂಗಳೂರು ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟ್‌ವರೆಗೆ ನಮ್ಮಲ್ಲಿ ಹಳೆಯ ಸಂಸ್ಥೆಗಳಿವೆ. ಫಾರಂ ತುಂಬಿಸಿ, ಪ್ರಶ್ನೆ ಕೇಳಿ, ಮನೆ ನೋಡಿ ಆಮೇಲೆ ನಾಯಿ ಕೊಡುವವರನ್ನು ಒಳ್ಳೆಯವರೆಂದು ತಿಳಿಯಿರಿ. ಏನೂ ಕೇಳದೆ ಕೊಟ್ಟು ಕಳಿಸುವ ಕಡೆ ನಾಳೆ ತೊಂದರೆಯಾದರೆ ಫೋನೂ ಎತ್ತುವುದಿಲ್ಲ.

---

ಮಲೆನಾಡಪಶುವೈದ್ಯ ಉತ್ತರ:

ಮೇಲಿನವರು ಹೇಳಿದ್ದಕ್ಕೆ ವೈದ್ಯಕೀಯ ಭಾಗ ಸೇರಿಸುತ್ತೇನೆ.

ಮನೆಗೆ ತಂದ ವಾರದೊಳಗೆ ಒಂದು ರಕ್ತಪರೀಕ್ಷೆ ಮಾಡಿಸಿ: ಪ್ಲೇಟ್ಲೆಟ್ ಸಹಿತ ಪೂರ್ಣ ಕಣಗಣನೆ, ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು), ಕಿಡ್ನಿ ಮತ್ತು ಲಿವರ್. ನಮ್ಮ ಹವೆಯಲ್ಲಿ ಹೊರಗೆ ಬದುಕಿದ ನಾಯಿಗೆ ಉಣ್ಣೆ ಕಚ್ಚದೇ ಇರುವುದು ಅಪರೂಪ. ಕಂದು ಉಣ್ಣೆ ಟಿಕ್ ಫೀವರ್ ತರುವ ಎರ್ಲಿಕಿಯಾ, ಬಬೀಸಿಯಾ ಎಂಬ ರೋಗಾಣು ಎರಡನ್ನೂ ಹರಡುತ್ತದೆ. ಎರಡೂ ತಿಂಗಳುಗಟ್ಟಲೆ ಒಳಗೇ ಅಡಗಿದ್ದು, ಜಾಗ ಬದಲಾದ ಒತ್ತಡಕ್ಕೆ ಮೇಲೇಳಬಲ್ಲವು. "ಶೆಲ್ಟರಲ್ಲಿ ಚೆನ್ನಾಗಿತ್ತು, ಮನೆಗೆ ಬಂದು ಹತ್ತೇ ದಿನಕ್ಕೆ ಊಟ ಬಿಟ್ಟಿತು" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಪ್ಲೇಟ್ಲೆಟ್ 2 ಲಕ್ಷಕ್ಕಿಂತ ಮೇಲಿರಬೇಕು. ವಸಡನ್ನು ವಾರಕ್ಕೊಮ್ಮೆ ಎತ್ತಿ ನೋಡುವ ರೂಢಿ ಮಾಡಿಕೊಳ್ಳಿ: ತಿಳಿಗುಲಾಬಿ ಇರಬೇಕು, ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಬಿಳಿಚಿದ್ದರೆ, ಮೂಗಲ್ಲಿ ರಕ್ತ ಕಂಡರೆ, ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್, ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ, 28 ದಿನ. ಐದನೇ ದಿನಕ್ಕೆ ನಾಯಿ ಲವಲವಿಕೆಯಾಗುತ್ತದೆ, ಜನ ಮಾತ್ರೆ ನಿಲ್ಲಿಸುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ, ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತದೆ. ಆದ್ದರಿಂದ ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ. ಬಬೀಸಿಯಾಗೆ ಈ ಮಾತ್ರೆಯೊಂದೇ ಸಾಲದು, ಔಷಧವೇ ಬೇರೆ. ಅದಕ್ಕೇ ಪರೀಕ್ಷೆ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದು ಹಾಕಬೇಡಿ. ಈ ಜ್ವರ ನಾಯಿಯಿಂದ ನೇರವಾಗಿ ಮಗುವಿಗೆ ಅಂಟುವುದಿಲ್ಲ.

ಉಣ್ಣೆಗೆ ತಿನ್ನಿಸುವ ಮಾತ್ರೆಗಳಿವೆ. ಅಫಾಕ್ಸೊಲೇನರ್ ತಿಂಗಳಿಗೊಮ್ಮೆ, ಫ್ಲೂರಲೇನರ್ 12 ವಾರಕ್ಕೊಮ್ಮೆ. ಫಿಟ್ಸ್ ಬಂದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಬೆನ್ನಿಗೆ ಬಿಡುವ ಹನಿ ಮದ್ದು ಬಳಸುವುದಾದರೆ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಬೇಡ. ಉಣ್ಣೆ ಗೋಡೆಯ ಬಿರುಕು, ಸ್ಕರ್ಟಿಂಗ್ ಸಂದು, ಮಂಚದ ಅಡಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈಮೇಲೆ ಕಂಡದ್ದನ್ನು ಕಿತ್ತು ನೆಲಕ್ಕೆಸೆದರೆ ಕೆಲಸ ಕೆಟ್ಟಿತು, ಸ್ಪಿರಿಟ್ ಇರುವ ಬಾಟಲಿಗೆ ಹಾಕಿ.

ಲಸಿಕೆ: ಕಾರ್ಡು ನಂಬುವಂತಿಲ್ಲವಾದರೆ ರೇಬೀಸ್ ಮತ್ತೆ ಹಾಕಿಸಿ, ನಷ್ಟವಿಲ್ಲ. ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ರೋಗಗಳಿಗೆ ಸೇರಿದ ಸಂಯುಕ್ತ ಲಸಿಕೆಯನ್ನು 3ರಿಂದ 4 ವಾರದ ಅಂತರದಲ್ಲಿ ಎರಡು ಸಲ ಹಾಕಿಸಿ. ಅದರಲ್ಲಿರುವ ಲೆಪ್ಟೊಸ್ಪೈರಾ ಭಾಗವನ್ನು ಪ್ರತಿ ವರ್ಷ ತಪ್ಪಿಸಬೇಡಿ. ಇಲಿಯ ಮೂತ್ರದಿಂದ ಮಳೆನೀರಿಗೆ ಸೇರುವ ರೋಗ ಅದು, ಮನುಷ್ಯರಿಗೂ ಬರುತ್ತದೆ. ಜಂತುಹುಳದ ಮಾತ್ರೆ ಮೂರು ತಿಂಗಳಿಗೊಮ್ಮೆ, ತೂಕ ನೋಡಿ. ಮನೆಯಲ್ಲಿ ಮಗುವಿರುವುದರಿಂದ ಇದರಲ್ಲಿ ಸಡಿಲ ಬೇಡ.

ಹಳೆಯ ಮುರಿತದ ಕಾಲಿಗೆ ಫ್ಲಾಟಿನ ನುಣುಪು ಟೈಲ್ಸೇ ಶತ್ರು. ತಿರುವಿನಲ್ಲಿ ಹಿಂಗಾಲು ಜಾರಿ ಅಗಲವಾಗುವುದನ್ನು ಗಮನಿಸಿ. ಬಾಗಿಲಿನಿಂದ ಹಾಸಿಗೆಯವರೆಗೆ, ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೆ ಅಡಿಯಲ್ಲಿ ರಬ್ಬರಿರುವ ಚಾಪೆ ಹಾಸಿ. ಉಗುರು ನೆಲಕ್ಕೆ ಟಕಟಕ ಸದ್ದು ಮಾಡಿದರೆ ಕತ್ತರಿಸುವ ಕಾಲ ಬಂದಿದೆ. ತೂಕ ಏರಲು ಬಿಡಬೇಡಿ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಕೈಯಾಡಿಸಿದರೆ ಸಿಗಬೇಕು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಆಪರೇಷನ್ ಆದ ಹೆಣ್ಣು ನಾಯಿಗೆ ಯೋನಿಯಿಂದ ರಕ್ತ ಕಂಡರೆ "ಹೀಟಿಗೆ ಬಂದಿದೆ" ಎಂದು ಸುಮ್ಮನಿರಬೇಡಿ. ಬೀದಿನಾಯಿಗಳಲ್ಲಿ ಸಂಭೋಗದಿಂದ ಹರಡುವ ಒಂದು ಗಡ್ಡೆ ಇದೆ, ಹೂಕೋಸಿನ ತುಂಡಿನಂತೆ ಕಾಣುತ್ತದೆ. ಹೆದರಬೇಕಿಲ್ಲ. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ವಾರಕ್ಕೊಂದರಂತೆ ನಾಲ್ಕರಿಂದ ಆರು ಕೊಟ್ಟರೆ ಬಹುತೇಕ ಪೂರ್ತಿ ಗುಣವಾಗುತ್ತದೆ. ಈ ಗಡ್ಡೆ ಇದೆಯೆಂದು ನಾಯಿಯನ್ನು ಬೇಡವೆನ್ನುವುದು ಅನ್ಯಾಯ.

ಲಸಿಕೆ ಆಗಿರುವ ನಾಯಿಯ ಹಲ್ಲೇ ತಾಗಿದರೂ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ.

---

ಸೀತಾಳೆದಂಡೆ:

ಇಬ್ಬರಿಗೂ ತುಂಬಾ ಧನ್ಯವಾದ. ಕಾಲಿನಲ್ಲಿ ರಾಡ್ ಉಳಿದಿದೆಯೇ ಅಂತ ಕೇಳಬೇಕೆಂದು ಹೊಳೆದೇ ಇರಲಿಲ್ಲ. ಇನ್ನೆರಡು ಸಂಶಯ. ಮಾಂಸ ಬೇಯಿಸದ ಮನೆಯಲ್ಲಿ ಊಟ ಹೇಗೆ? ಅತ್ತೆ "ಮೊಸರನ್ನ ಹಾಕಿದರಾಯ್ತು" ಅನ್ನುತ್ತಾರೆ. ಮತ್ತೆ, ಮೊದಲ ದಿನದಿಂದ ಏನೇನು ಮಾಡಬೇಕು?

---

ಮಲೆನಾಡಪಶುವೈದ್ಯ ಉತ್ತರ:

ಮೊಸರನ್ನವೊಂದೇ ಆದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲುವುದಿಲ್ಲ. ಆರು ತಿಂಗಳಲ್ಲಿ ಕೂದಲು ಮಂಕಾಗಿ, ತೊಡೆ ಸೊರಗಿ, ಹೊಟ್ಟೆ ಮಾತ್ರ ದುಂಡಗಾಗಿರುತ್ತದೆ.

17 ಕೆಜಿಯ, ಆಪರೇಷನ್ ಆದ ನಾಯಿಗೆ ದಿನಕ್ಕೆ ಸುಮಾರು 850ರಿಂದ 950 ಕಿಲೊಕ್ಯಾಲೊರಿ ಸಾಕು. ನಿಮ್ಮ ಮನೆಗೆ ಸುಲಭದ ದಾರಿ ಅರ್ಧ ಒಣ ಆಹಾರ, ಅರ್ಧ ಮನೆಯದ್ದು. ಪ್ಯಾಕೆಟ್ ಮೇಲೆ "ಸಂಪೂರ್ಣ ಮತ್ತು ಸಮತೋಲಿತ" ಎಂಬರ್ಥದ ಮಾತಿರುವ ಒಣ ಆಹಾರ 130 ಗ್ರಾಂ, ಬೇಯಿಸಿದ ಮೊಟ್ಟೆ ಎರಡು, ಮೆತ್ತಗೆ ಬೆಂದ ಅನ್ನ ಅಥವಾ ರಾಗಿ ಮುದ್ದೆ 150 ಗ್ರಾಂ, ಎರಡು ಚಮಚ ಮೊಸರು, ಒಂದು ಹಿಡಿ ಬೆಂದ ಸಿಹಿಗುಂಬಳ ಅಥವಾ ಕ್ಯಾರೆಟ್. ಇದನ್ನು ಎರಡು ಹೊತ್ತಿಗೆ ಹಂಚಿ. ಒಣ ಆಹಾರದ ಚೀಲವನ್ನು ಅಡುಗೆಮನೆಯ ಹೊರಗೆ, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಟ್ಟು, ತಟ್ಟೆ ಚಮಚ ಬೇರೆ ಮಾಡಿಕೊಂಡರೆ ಹಿರಿಯರಿಗೂ ಕಿರಿಕಿರಿಯಿಲ್ಲ. ಒಣ ಆಹಾರವನ್ನು ಕಡಿಮೆ ಮಾಡಿ ಪೂರ್ತಿ ಮನೆ ಊಟಕ್ಕೆ ಹೋಗುವುದಾದರೆ ಕ್ಯಾಲ್ಸಿಯಂ ಲೆಕ್ಕ ತಪ್ಪುತ್ತದೆ, ಆಗ ಪಶುವೈದ್ಯರ ಹತ್ತಿರ ಕುಳಿತು ಪಟ್ಟಿ ಮಾಡಿಸಿ. ಮೊದಲ ನಾಲ್ಕೈದು ದಿನ ಶೆಲ್ಟರಿನ ಊಟವನ್ನೇ ಮುಂದುವರಿಸಿ, ಆಮೇಲೆ ದಿನಕ್ಕೆ ಕಾಲು ಭಾಗದಂತೆ ಬದಲಿಸಿ. ಒಮ್ಮೆಗೇ ಬದಲಿಸಿದರೆ ಭೇದಿ ಖಂಡಿತ.

ಸಾರು, ಹುಳಿ ಕಲಸಿದ ಅನ್ನ ಹಾಕುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಹಬ್ಬದ ದಿನ ಎಚ್ಚರ ಬೇಕಾದದ್ದು ಕೇಸರಿಬಾತು, ಪಾಯಸದಲ್ಲಿರುವ ಒಣದ್ರಾಕ್ಷಿಗೆ. ಅದರಿಂದ ಕಿಡ್ನಿಯೇ ಕೈಕೊಡಬಹುದು. ಮಾವಿನ ಗೊರಟು, ಜೋಳದ ದಿಂಡು ಕರುಳಿಗೆ ಅಡ್ಡ ಸಿಕ್ಕಿ ಆಪರೇಷನ್ನಿನವರೆಗೆ ಹೋಗುತ್ತದೆ. ಚಾಕಲೇಟು, ಶುಗರ್‌ಫ್ರೀ ಚೂಯಿಂಗ್ ಗಮ್ ಮಗಳ ಬ್ಯಾಗಿನಲ್ಲಿದ್ದರೆ ಬ್ಯಾಗು ಮೇಲಿರಲಿ.

---

ಬಾಲದಭಾಷೆ ಉತ್ತರ:

ಮೊದಲ ದಿನದ್ದು ನಾನು ಹೇಳ್ತೀನಿ.

ರೆಸ್ಕ್ಯೂ ನಾಯಿ ಕಳೆದುಹೋಗೋದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ. ಕಾರಿಂದ ಇಳಿಸುವಾಗ, ಲಿಫ್ಟ್ ಬಾಗಿಲಲ್ಲಿ, ಮನೆ ಬಾಗಿಲು ತೆಗೆದ ಕ್ಷಣ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ತಗ್ಗಿಸಿದರೆ ಬೆಲ್ಟು ಕಿವಿ ದಾಟಿ ಕಳಚಿಕೊಳ್ಳುತ್ತೆ. ಅದಕ್ಕೇ ಎರಡು ಲೀಶ್: ಒಂದು ಕತ್ತಿನ ಬೆಲ್ಟಿಗೆ, ಇನ್ನೊಂದು ಎದೆಯ ಮುಂದೆ ವೈ ಆಕಾರ ಬರುವ ಹಾರ್ನೆಸ್ಸಿಗೆ. ಹಾರ್ನೆಸ್ ಪಟ್ಟಿ ಮತ್ತು ಮೈ ನಡುವೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಲೀಶ್ ಎರಡು ಮೀಟರಿನ ಬಟ್ಟೆಯದ್ದು ಇರಲಿ. ಕಬ್ಬಿಣದ ಚೈನು ಬೇಡ, ತಾನೇ ಸುತ್ತಿಕೊಳ್ಳುವ ಡಬ್ಬಿ ಲೀಶಂತೂ ಬೇಡವೇ ಬೇಡ. ಕೈಜಾರಿ ಬಿದ್ದರೆ ಅದು ದಡಬಡ ಸದ್ದು ಮಾಡುತ್ತ ನಾಯಿಯ ಹಿಂದೆಯೇ ಓಡುತ್ತೆ, ನಾಯಿ ಇನ್ನೂ ಹೆದರಿ ಓಡುತ್ತೆ. ಫೋನ್ ನಂಬರ್ ಇರುವ ಬಿಲ್ಲೆಯನ್ನು ಶೆಲ್ಟರಿನಲ್ಲೇ ಬೆಲ್ಟಿಗೆ ಹಾಕಿ, ಮನೆಗೆ ಬಂದ ಮೇಲಲ್ಲ. ಎರಡು ಲೀಶ್ ಕನಿಷ್ಠ ಮೂರು ತಿಂಗಳು.

ಕಾರಿಂದ ಇಳಿದ ಕೂಡಲೇ ಮೇಲಕ್ಕೆ ಕರ್ಕೊಂಡು ಹೋಗಬೇಡಿ. ಮುಂದೆ ದಿನಾ ಉಚ್ಚೆಗೆ ಹೋಗಬೇಕಾದ ಮಣ್ಣಿನ ಜಾಗಕ್ಕೆ ನೇರ ಹೋಗಿ, ಹದಿನೈದು ಇಪ್ಪತ್ತು ನಿಮಿಷ ಮೂಸಲು ಬಿಡಿ. ಮಾಡಿದರೆ ಆ ಕ್ಷಣವೇ ಒಂದು ತುಂಡು ಮೊಟ್ಟೆ. ಲಿಫ್ಟಿಗೆ ಹೆದರಿದರೆ ಎಳೀಬೇಡಿ, ಆ ದಿನ ಮೆಟ್ಟಿಲು ಹತ್ತಿಸಿ, ಕಾಲಿಗೆ ಕಷ್ಟವಾದರೆ ಎತ್ತಿಕೊಳ್ಳಿ. ಲಿಫ್ಟ್ ಪಾಠ ಎರಡನೇ ವಾರಕ್ಕೆ: ಬಾಗಿಲು ತೆರೆದು ನಿಂತ ಲಿಫ್ಟಿನ ಹೊರಗೆ ತಿಂಡಿ, ಆಮೇಲೆ ಹೊಸ್ತಿಲ ಮೇಲೆ, ಆಮೇಲೆ ಒಳಗೆ ಹೋಗಿ ವಾಪಸ್, ಕೊನೆಗೆ ಒಂದೇ ಮಹಡಿ. ಒಂದು ಹಂತದಲ್ಲಿ ತಿಂಡಿ ತಿನ್ನದೆ ನಿಂತರೆ ಹಿಂದಿನ ಹಂತಕ್ಕೆ ಇಳೀರಿ.

ಬೀದಿನಾಯಿ ಮನೆ ಗಲೀಜು ಮಾಡುತ್ತೆ ಅನ್ನೋದು ಬಹಳ ಮಂದಿಯ ತಪ್ಪು ತಿಳಿವಳಿಕೆ. ಹೆಚ್ಚಿನವು ಮಲಗೋ ಜಾಗದಿಂದ ದೂರ ಹೋಗಿ ಮಾಡಿಯೇ ರೂಢಿ. ಕಷ್ಟ ಇರೋದು ತಿರುಗಾಮುರುಗಾ: ಲೀಶ್ ಹಾಕಿದರೆ ಮಾಡಲ್ಲ, ಜನ ನೋಡ್ತಿದ್ದರೆ ಮಾಡಲ್ಲ, ಹನ್ನೆರಡು ಗಂಟೆಗೂ ಮೇಲೆ ತಡೆದುಕೊಂಡು ಕೂರುತ್ತೆ. ಆಗ ಸದ್ದಿಲ್ಲದ ಹೊತ್ತು ಹಿಡೀರಿ, ಬೆಳಗ್ಗೆ ಐದೂವರೆ, ರಾತ್ರಿ ಹತ್ತು. ಮೊದಲೆರಡು ವಾರ ದಿನಕ್ಕೆ ಐದು ಸಲ ಇಳಿಸಿ, ಆಮೇಲೆ ಮೂರಕ್ಕೆ ತನ್ನಿ. ಒಳಗೆ ಮಾಡಿದರೆ ಬೈಬೇಡಿ. ಬೈದರೆ ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಮಾಡೋದನ್ನ ಕಲಿಯುತ್ತೆ, ಅಷ್ಟೆ. ಫಿನೈಲಿನಲ್ಲಿ ಒರೆಸಬೇಡಿ, ಪಾದಕ್ಕೆ ಅಂಟಿದ್ದನ್ನ ನೆಕ್ಕಿದರೆ ವಿಷ. ಎನ್‌ಜೈಮ್ ಕ್ಲೀನರ್ ಬಳಸಿ, ಇಲ್ಲದಿದ್ದರೆ ಬಿಳಿ ವಿನೆಗರ್‌ಗೆ ಸಮ ಪ್ರಮಾಣದ ನೀರು.

ಮನೆಯೊಳಗೆ ಒಂದು ಮೂಲೆ ಅವಳಿಗೇ ಮೀಸಲು, ಗೋಡೆಗೆ ಒತ್ತಿ ಹಾಸಿಗೆ, ಜನ ದಾಟಿ ಓಡಾಡದ ಕಡೆ. ಅಲ್ಲಿಗೆ ಹೋದಳು ಅಂದರೆ ಯಾರೂ ಮುಟ್ಟೋ ಹಾಗಿಲ್ಲ, ಇದು ಮಗಳಿಗೆ ಮೊದಲ ನಿಯಮ. ಎರಡನೆಯದು, ತಿನ್ನುವಾಗ ಮಲಗಿರುವಾಗ ಹತ್ತಿರ ಹೋಗಬಾರದು. ಮೂರನೆಯದು, ತಬ್ಬಿಕೊಳ್ಳಬಾರದು. ಮಗುವಿಗೆ ಅದು ಪ್ರೀತಿ, ನಾಯಿಗೆ ಸಿಕ್ಕಿಹಾಕಿಕೊಂಡ ಹಾಗೆ. ನೆಂಟರು, ಗೆಳತಿಯರು, "ನಾಯಿ ನೋಡಕ್ಕೆ ಬರ್ತೀವಿ" ಅನ್ನೋರು ಎಲ್ಲ ಎರಡು ವಾರ ಆಮೇಲೆ. ಸ್ನಾನವೂ ಅಷ್ಟೇ, ವಾಸನೆ ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೈ ಎತ್ತಿದರೆ ಕುಗ್ಗುತ್ತಾಳೆ ಅಂದಿರಲ್ಲ, ಅದಕ್ಕೆ ಹೀಗೆ ಮಾಡಿ. ಎದುರು ನಿಲ್ಲಬೇಡಿ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕೈ ಕೆಳಗಿಂದ ಬರಲಿ. ಅವಳೇ ಬಂದು ಮೂಸಿದರೆ ಎದೆ ಅಥವಾ ಕತ್ತಿನ ಪಕ್ಕದಲ್ಲಿ ಮೂರು ಸೆಕೆಂಡು ಸವರಿ, ನಿಲ್ಲಿಸಿ. ನಿಲ್ಲಿಸೋದೇ ಮುಖ್ಯ. ಇನ್ನೂ ಬೇಕಿದ್ದರೆ ಮೂತಿ ತಂದು ಕೈಗೆ ತಿವೀತಾಳೆ, ಬೇಡದಿದ್ದರೆ ತುಟಿ ನೆಕ್ಕಿಕೊಂಡು ಮುಖ ಆಚೆ ತಿರುಗಿಸ್ತಾಳೆ. ನಿದ್ದೆ ಬರದೆಯೇ ಆಕಳಿಸೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಡೋದು, ಮೈಯೆಲ್ಲ ಗಟ್ಟಿ ಮಾಡಿ ನಿಲ್ಲೋದು, ಇವೆಲ್ಲ "ಸಾಕು" ಅಂತಲೇ. ಗುರ್ ಅಂದರೆ ಗದರಬೇಡಿ, ದೂರ ಸರೀರಿ. ಗುರ್ ಅನ್ನೋದನ್ನ ಹೊಡೆದು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತೆ.

ಮೊದಲ ಮೂರು ದಿನ ಊಟ ಕಡಿಮೆ, ನಿದ್ದೆ ಜಾಸ್ತಿ. "ಎಷ್ಟು ಸಾಧು" ಅಂತ ಖುಷಿಪಡಬೇಡಿ, ಅದು ಭಯ. ಎರಡು ಮೂರು ವಾರಕ್ಕೆ ಧೈರ್ಯ ಬಂದು ನಿಜವಾದ ಗುಣ ಹೊರಬೀಳುತ್ತೆ: ಬಾಗಿಲಿಗೆ ಬೊಗಳೋದು, ಡೆಲಿವರಿ ಹುಡುಗರ ಹೆಲ್ಮೆಟ್ ಕಂಡರೆ ಹಾರೋದು, ಚಪ್ಪಲಿ ಹೊತ್ತೊಯ್ಯೋದು. ಜನ ಬೇಸತ್ತು ವಾಪಸ್ ಬಿಡೋದು ಈ ಘಟ್ಟದಲ್ಲೇ, ನಾಯಿ ಕೆಟ್ಟಿತು ಅಂದುಕೊಂಡು. ಕೆಟ್ಟಿಲ್ಲ, ಈಗ ತಾನೇ ಮನೆ ತನ್ನದು ಅಂತ ನಂಬಕ್ಕೆ ಶುರುಮಾಡಿದೆ. ಮೂರು ತಿಂಗಳ ಹೊತ್ತಿಗೆ ದಿನಚರಿ ಕೂಡುತ್ತೆ. ಕೆಲವಕ್ಕೆ ಆರು ತಿಂಗಳೂ ಆಗಬಹುದು.

ನೀವು ಕೇಳಿದ "ಸಿಗುವುದೇನು" ಅನ್ನೋದಕ್ಕೆ ನನ್ನ ಉತ್ತರವೂ ಇಲ್ಲೇ ಇದೆ. ಕುಗ್ಗುತ್ತಿದ್ದ ನಾಯಿ ಒಂದು ದಿನ ತಾನಾಗಿ ಬಂದು ನಿಮ್ಮ ಅಂಗೈಯೊಳಗೆ ಗದ್ದ ಇಡುತ್ತೆ. ಅಂಗಾತ ಮಲಗಿ ಹೊಟ್ಟೆ ಮೇಲೆ ಮಾಡಿ ನಿದ್ದೆ ಹೋಗುತ್ತೆ. ಅದಕ್ಕೆ ಕಾರಣ ನಿಮ್ಮ ಮನೆಯವರು ದಿನಾ ಮಾಡಿದ ಸಣ್ಣ ಸಣ್ಣ ಕೆಲಸ ಅಂತ ನಿಮಗೆ ಗೊತ್ತಿರುತ್ತೆ. ಎಂಟು ವರ್ಷದ ಮಗು ಇದನ್ನ ಕಣ್ಣಾರೆ ನೋಡ್ತಾ, ಬಲವಂತ ಮಾಡದೆ ಕಾಯೋದನ್ನ ಕಲಿಯುತ್ತಲ್ಲ, ಅದಕ್ಕಿಂತ ದೊಡ್ಡ ಲಾಭ ನನಗೆ ಗೊತ್ತಿಲ್ಲ. ಮರಿ ತಂದವರಿಗೆ ನಂಬಿಕೆ ಬಿಟ್ಟಿ ಸಿಗುತ್ತೆ, ಇಲ್ಲಿ ಅದನ್ನ ಗಳಿಸಿಕೊಳ್ಳಬೇಕು.

ಬಾಲ್ಕನಿ: ಕಂಬಿಗಳ ಸಂದು 10 ಸೆಂಟಿಮೀಟರಿಗಿಂತ ಅಗಲವಿದ್ದರೆ ಜಾಲರಿ ಕಟ್ಟಿಸಿ. ಕುರ್ಚಿ, ಹೂಕುಂಡದ ಸ್ಟ್ಯಾಂಡು ಕಂಬಿಗೆ ಒತ್ತಿ ಇರಬಾರದು, ಅದನ್ನೇ ಮೆಟ್ಟಿಲು ಮಾಡಿಕೊಳ್ಳುತ್ತೆ.

---

ಸಿ_ಬ್ಲಾಕ್_ನಿವಾಸಿ ಉತ್ತರ:

ಬಾಡಿಗೆ ಮನೆ ಅಂದಿದ್ದೀರಿ. ಮೊದಲು ಕರಾರುಪತ್ರ ತೆಗೆದು ನೋಡಿ, ಸಾಕುಪ್ರಾಣಿಯ ಮಾತಿದೆಯೇ ಅಂತ. ಓನರ್ ಒಪ್ಪಿಗೆಯನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ನಾಯಿ ಬಂದ ಮೇಲೆ ಮನೆ ಖಾಲಿ ಮಾಡಿಸಿದರೆ ಶೆಲ್ಟರಿಗೆ ಮರಳುವುದು ಅದೇ ಬಡಪಾಯಿ.

ಅಸೋಸಿಯೇಷನ್ ವಿಷಯ ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಂತೆ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ. ನಮ್ಮ ಕಡೆಯಿಂದ ಲೀಶ್, ಲಸಿಕೆ ಕಾರ್ಡಿನ ನಕಲು, ಕಕ್ಕ ಎತ್ತುವ ಚೀಲ ಇವು ತಪ್ಪಬಾರದು. ಜಗಳ ಹುಟ್ಟುವುದು ಕಾನೂನಿಂದಲ್ಲ, ಪಾರ್ಕಿಂಗಿನಲ್ಲಿ ಬಿದ್ದ ಕಕ್ಕದಿಂದ. ಪಾಲಿಕೆಯ ಲೈಸೆನ್ಸನ್ನೂ ಮೊದಲ ತಿಂಗಳಲ್ಲೇ ಮಾಡಿಸಿ.

ಓದುತ್ತಿರುವ ಇತರರಿಗೆ: ತಮ್ಮ ಬೀದಿಯ ನಾಯಿಯನ್ನೇ ದತ್ತು ಪಡೆಯುವವರು ಪಾಲಿಕೆಗೆ ಅರ್ಜಿ ಕೊಡಬಹುದು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ದತ್ತು ಪಡೆದವರದ್ದೇ ಎಂದೂ ಹೇಳಿದೆ. ಸಾಕಿದ ನಾಯಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ.

---

ರೈನ್‌ದಂಡೆಕನ್ನಡಿಗ ಉತ್ತರ:

ಒಂದೇ ಮಾತು, ಮುಂದೆ ಯಾವಾಗಲಾದರೂ ವಿದೇಶಕ್ಕೆ ಹೋಗುವ ಸಾಧ್ಯತೆ ಇರುವವರಿಗೆ. ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್) ಮೊದಲು, ರೇಬೀಸ್ ಲಸಿಕೆ ಆಮೇಲೆ. ಈ ಕ್ರಮ ತಪ್ಪಿದರೆ ಯುರೋಪಿಯನ್ ಒಕ್ಕೂಟ ಆ ಲಸಿಕೆಯನ್ನು ಒಪ್ಪುವುದಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನಕ್ಕೆ ರಕ್ತ ತೆಗೆದು, ಮಾನ್ಯತೆ ಪಡೆದ ಲ್ಯಾಬಿನಲ್ಲಿ ರೇಬೀಸ್ ಪ್ರತಿಕಾಯ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಘಟಕ) ಅಥವಾ ಹೆಚ್ಚು ಬರಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅಂದರೆ ವೀಸಾ ಬಂದ ಮೇಲೆ ಶುರುಮಾಡಿದರೆ ತಡ. ಅಮೆರಿಕವೂ 2024ರ ಆಗಸ್ಟ್‌ನಿಂದ ನಿಯಮ ಬಿಗಿ ಮಾಡಿದೆ. "ವಿದೇಶಕ್ಕೆ ಹೋಗ್ತಿದ್ದೀವಿ" ಎಂದು ನಾಯಿ ಬಿಟ್ಟು ಹೋಗುವುದು ನಮ್ಮ ಐಟಿ ಜನರಲ್ಲಿ ಬಹಳ. ಒಂದು ಚಿಪ್ಪಿನಿಂದ ಆ ದಾರಿ ತೆರೆದಿಟ್ಟುಕೊಳ್ಳಬಹುದು.

---

ಸೀತಾಳೆದಂಡೆ:

ಎಲ್ಲರಿಗೂ ಧನ್ಯವಾದ. ಓನರ್ ಒಪ್ಪಿಗೆ ಕೇಳಿದ್ದೇವೆ. ಕೊನೆಯದೊಂದು: ಅತ್ತೆ ಮನೆಯಲ್ಲೇ ಇರುವುದರಿಂದ ಒಂಟಿಯಾಗಿ ಬಿಡುವ ಅಭ್ಯಾಸ ಬೇಕಿಲ್ಲ ಅಲ್ಲವೇ? ದೀಪಾವಳಿಗೆ ಏನು ಮಾಡುವುದು?

---

ಬಾಲದಭಾಷೆ ಉತ್ತರ:

ಬೇಕು, ನಿಮ್ಮ ಮನೆಗೇ ಜಾಸ್ತಿ ಬೇಕು. ಆರು ತಿಂಗಳು ಯಾರಾದರೂ ಜೊತೆಗೇ ಇದ್ದು, ಅತ್ತೆಯವರು ಮದುವೆಗೆ ಅಂತ ಊರಿಗೆ ಹೋದ ದಿನ ಮೊದಲ ಸಲ ಎಂಟು ಗಂಟೆ ಒಂಟಿ ಅಂದರೆ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತೆ. ಎರಡನೇ ವಾರದಿಂದ ಶುರುಮಾಡಿ. ತಿಂಡಿ ತುಂಬಿದ ರಬ್ಬರ್ ಆಟಿಕೆ ಕೊಟ್ಟು ಎಲ್ಲರೂ ಆಚೆ, 30 ಸೆಕೆಂಡಿಗೆ ವಾಪಸ್. ಆಮೇಲೆ 2 ನಿಮಿಷ, 5, 10, 20. ಹೋಗುವಾಗ ಬೀಳ್ಕೊಡುಗೆ ಬೇಡ, ಬಂದಾಗ ಸಂಭ್ರಮ ಬೇಡ. ಹಳೇ ಫೋನನ್ನು ಕ್ಯಾಮೆರಾ ಮಾಡಿಟ್ಟು ನೋಡಿ. ಆಟಿಕೆ ಮುಟ್ಟದೆ ಬಾಗಿಲಲ್ಲೇ ಕುಂಯ್‌ಗುಟ್ಟಿದರೆ ಸಮಯ ಅರ್ಧಕ್ಕೆ ಇಳಿಸಿ.

---

ಮಲೆನಾಡಪಶುವೈದ್ಯ ಉತ್ತರ:

ದೀಪಾವಳಿಗೆ ಎರಡು ವಾರ ಮುಂಚೆಯೇ ನಿಮ್ಮ ವೈದ್ಯರನ್ನು ಕಾಣಿ. ಭಯ ಕಡಿಮೆ ಮಾಡುವ ಮಾತ್ರೆಯನ್ನು ಸಾಮಾನ್ಯ ದಿನವೊಂದರಲ್ಲಿ ಕೊಟ್ಟು ನೋಡಿ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಅಸಿಪ್ರೊಮಜಿನ್ ಒಂದನ್ನೇ ಕೊಡುವುದು ಬೇಡವೆನ್ನಿ, ಅದು ಮೈಯನ್ನು ಮಂಪರು ಮಾಡುತ್ತದೆ, ಭಯ ಹಾಗೇ ಉಳಿಯುತ್ತದೆ. ಹಬ್ಬದ ಮೂರೂ ದಿನ ವಾಕಿಂಗ್ ಸಂಜೆ ಐದರೊಳಗೆ ಮುಗಿಯಲಿ. ಕಿಟಕಿ ಕಡಿಮೆ ಇರುವ ಒಳಕೋಣೆಯಲ್ಲಿ ಹಾಸಿಗೆ ಹಾಕಿ, ಪರದೆ ಎಳೆದು, ಫ್ಯಾನ್ ಜೋರು ಮಾಡಿ, ಟಿವಿ ಹಾಕಿ. ಹೆದರಿ ಮಡಿಲಿಗೆ ಬಂದರೆ ಸಮಾಧಾನ ಮಾಡಿ, ಅದರಿಂದ ಭಯ ಹೆಚ್ಚುವುದಿಲ್ಲ. ಉಚ್ಚೆಗೆ ಇಳಿಸಲೇಬೇಕಾದರೆ ಎರಡೂ ಲೀಶ್, ಬಿಲ್ಲೆ ಇರಲಿ. ಪಟಾಕಿ ಸದ್ದಿಗೆ ಓಡಿಹೋದ ನಾಯಿ ಮೈಲಿಗಟ್ಟಲೆ ದೂರ ಸಿಗುತ್ತದೆ. ಬಿಲ್ಲೆ ಕಳಚಿ ಬಿದ್ದಿದ್ದರೂ ಚಿಪ್ ಇರುತ್ತದೆ. ಆದರೆ ಚಿಪ್ಪಿನ 15 ಅಂಕಿಯ ಸಂಖ್ಯೆಗೆ ಶೆಲ್ಟರಿನ ಫೋನ್ ನಂಬರೇ ನೋಂದಣಿಯಾಗಿ ಉಳಿದಿದ್ದರೆ ಕರೆ ನಿಮಗೆ ಬರುವುದಿಲ್ಲ. ದತ್ತು ಪತ್ರಕ್ಕೆ ಸಹಿ ಹಾಕುವ ದಿನವೇ ಅದನ್ನು ನಿಮ್ಮ ನಂಬರಿಗೆ ಬದಲಿಸಿಕೊಳ್ಳಿ.